ಒಡೆದದ್ದೂ ಒಡೆಸಿದ್ದೂ

ಕಳೆದ ರಾಜ್ಯೋತ್ಸವದ ಅಂಗವಾಗಿ ನಮ್ಮ ಸಂಘದಲ್ಲಿ ಮಕ್ಕಳಿಗಾಗಿ ‘ಕಸದಿಂದ ರಸ’ ಎಂಬ ಸ್ಪರ್ಧೆ ನಡೆದದ್ದು ವಾಚಕರಲ್ಲಿ ಹಲವರಿಗೆ ನೆನಪಿರಬಹುದು. ಒಡೆದ, ಬಿಸಾಡಿದ ವಸ್ತುಗಳನ್ನು ಹಲಗೆಯ ಮೇಲೆ ಅಂಟಿಸಿ ಮೊಸಾಯಿಕ್ ಚಿತ್ರ ಮಾಡಬೇಕೆಂಬುದು ನಿಯಮ. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಕಲೆಯಲ್ಲಿ ನನಗಿರುವ ಅರ್ಹತೆ ಏನೆಂದು ಕೇಳಬೇಡಿ. ಬಿ.ಎಸ್‌ಸಿ. ಪಾಸು ಮಾಡಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತಿರುವವನು ನಾನು; ಅಂಕಗಳನ್ನು ತಪ್ಪಿಲ್ಲದೆ ಕೂಡುತ್ತೇನೆಂಬ ನಂಬಿಕೆಯಿಂದ ಕರೆದಿರಬೇಕು.

ಮೊದಲ ಬಹುಮಾನ ಒಂದು ನವಿಲಿಗೆ ಹೋಯಿತು. ಹಸಿರು ನೀಲಿ ಬಳೆಚೂರುಗಳನ್ನು ಒತ್ತೊತ್ತಾಗಿ ಜೋಡಿಸಿ ಮಾಡಿದ ನವಿಲು. ಎಲ್ಲಿಯೂ ಅಂಟು ಹೊರಗೆ ಬಂದಿರಲಿಲ್ಲ. ಸಂಜೆ ಚಹಾ ಕುಡಿಯುವಾಗ ಹುಡುಗನ ತಂದೆ ಸಂತೋಷದಿಂದ ಹೇಳಿದರು: “ಹನ್ನೆರಡು ಡಜನ್ ಬಳೆ ತಂದು ಕುಟ್ಟಿದೆವು ರಾಯರೇ, ಒಂದೇ ಛಾಯೆ ಸಿಗುವುದು ಬಹಳ ಕಷ್ಟ.” ಇನ್ನೊಂದು ಹಲಗೆಯ ಮೇಲೆ ಏಳೆಂಟು ವರ್ಷದ ಹುಡುಗಿಯೊಬ್ಬಳು ಸಿಟಿ ಬಸ್ಸನ್ನು ಮಾಡಿದ್ದಳು. ಒಡೆದ ತಟ್ಟೆಯ ಚೂರು, ಹಳೆಯ ಸ್ವಿಚ್ಚು, ಅಂಗಿಯ ಗುಂಡಿಗಳು, ಕೈಗಡಿಯಾರದ ಬಿರುಕುಬಿಟ್ಟ ಗಾಜು. ಬಾಗಿಲಲ್ಲಿ ನಿಂತ ಕಂಡಕ್ಟರನ ಕಿವಿಯ ಜಾಗದಲ್ಲಿ ಮುರಿದ ಕಪ್ಪಿನ ಹಿಡಿ. ಹಲಗೆ ಏರುತಗ್ಗಾಗಿತ್ತು, ಅಂಟು ಅಲ್ಲಲ್ಲಿ ಹರಿದಿತ್ತು. ನಮ್ಮ ಅಂಕಪಟ್ಟಿಯಲ್ಲಿ ‘ಸ್ವಚ್ಛತೆ’ಗೆ ಹತ್ತು ಅಂಕಗಳಿದ್ದವು. ನವಿಲಿಗೆ ಒಂಬತ್ತು ಕೊಟ್ಟೆ, ಬಸ್ಸಿಗೆ ಮೂರು. ಕೂಡಿದ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಈ ಲೇಖನ ಆ ಲೆಕ್ಕದ ಮರುಪರಿಶೀಲನೆ. ಕಳೆದ ಜನವರಿಯಲ್ಲಿ ಚಂಡೀಗಢದ ರಾಕ್ ಗಾರ್ಡನ್ನಿನಲ್ಲಿ ಒಂದು ದಿನವೆಲ್ಲ ಅಲೆದಾಡಿ ಬಂದ ಮೇಲೆ ಅದನ್ನು ಮಾಡದೆ ನನಗೆ ಗತ್ಯಂತರವಿಲ್ಲವಾಯಿತು.

‘ಮೊಸಾಯಿಕ್’ ಎಂದೊಡನೆ ನಮ್ಮ ಪೀಳಿಗೆಯವರಿಗೆ ನೆನಪಾಗುವುದು ಮನೆಯ ನೆಲ: ಸಿಮೆಂಟಿನಲ್ಲಿ ಅಮೃತಶಿಲೆಯ ಚೂರು ಬೆರೆಸಿ, ಯಂತ್ರದಿಂದ ಉಜ್ಜಿ ನುಣುಪು ಮಾಡಿದ ನೆಲ. ಆದರೆ ಕಲೆಯ ಚರಿತ್ರೆಯಲ್ಲಿ ಆ ಮಾತಿಗೆ ಬೇರೆಯೇ ಘನತೆಯಿದೆ. ಇಟಲಿಯ ರವೆನ್ನಾ ಪಟ್ಟಣದ ಸಾನ್ ವಿತಾಲೆ ಇಗರ್ಜಿಯಲ್ಲಿ 6ನೆಯ ಶತಮಾನದ ಮೊಸಾಯಿಕ್‌ಗಳಿವೆ. ಚಕ್ರವರ್ತಿ ಜಸ್ಟಿನಿಯನ್ ತನ್ನ ಪರಿವಾರದೊಡನೆ ನಿಂತಿರುವ ಚಿತ್ರ ಅಲ್ಲಿಯದೇ. ಅಲ್ಲಿ ಮೊದಲು ಚಿತ್ರದ ಕಲ್ಪನೆ ಇರುತ್ತದೆ, ಆಮೇಲೆ ಅದಕ್ಕೆ ಬೇಕಾದ ಬಣ್ಣದ ಗಾಜನ್ನು ತಯಾರಿಸಿ ಸಣ್ಣ ಸಣ್ಣ ಘನಗಳಾಗಿ ಕತ್ತರಿಸುತ್ತಾರೆ. ಚೂರು ಚಿತ್ರದ ಆಳು.

ಒಡಕು ಚೂರುಗಳ ಮೊಸಾಯಿಕ್‌ನಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಚೂರು ಮೊದಲೇ ಅಲ್ಲಿದೆ. ಅದರ ಆಕಾರ, ಬಣ್ಣ, ಬಾಗು ಯಾವುದೂ ಕಲಾವಿದನ ಕೈಯಲ್ಲಿಲ್ಲ. ಇದನ್ನು ಜಗತ್ತಿಗೆ ದೊಡ್ಡ ಪ್ರಮಾಣದಲ್ಲಿ ತೋರಿಸಿದವರು ಬಾರ್ಸಿಲೋನಾ ನಗರದ ಅಂತೋನಿ ಗೌದಿ. ಅಲ್ಲಿನ ಪಾರ್ಕ್ ಗುಯೆಲ್ (1900–1914) ಎಂಬ ಉದ್ಯಾನದಲ್ಲಿ ಹಾವಿನಂತೆ ಹೊರಳುವ ಉದ್ದನೆಯ ಆಸನವೊಂದಿದೆ. ಅದರ ಮೈತುಂಬ ಹೆಂಚು ಬಿಲ್ಲೆಗಳ, ತಟ್ಟೆಗಳ ಚೂರು. ಆ ಜೋಡಣೆಯಲ್ಲಿ ಗೌದಿಯವರ ಸಹಾಯಕ ಜೋಸೆಪ್ ಮರಿಯಾ ಜುಜೋಲ್ ಅವರ ಕೈ ದೊಡ್ಡದು. ಕತಲಾನ್ ಭಾಷೆಯಲ್ಲಿ ಈ ರೀತಿಗೆ ‘ಟ್ರೆಂಕಾದಿಸ್’ ಎನ್ನುತ್ತಾರೆ. ಒಡೆಯುವುದು ಎಂಬ ಕ್ರಿಯೆಯಿಂದಲೇ ಹುಟ್ಟಿದ ಪದ.

ಇದರಲ್ಲಿ ಅಲಂಕಾರಕ್ಕಿಂತ ಮೊದಲು ರೇಖಾಗಣಿತದ ಅಗತ್ಯವಿದೆ. ಚಪ್ಪಟೆಯಾದ ಇಡೀ ಬಿಲ್ಲೆಯೊಂದು ಎರಡು ದಿಕ್ಕಿಗೂ ಬಾಗಿರುವ ಮೈಯ ಮೇಲೆ ಕೂರುವುದಿಲ್ಲ, ಮೂಲೆಗಳು ಎದ್ದು ನಿಲ್ಲುತ್ತವೆ. ಒಡೆದರೆ ಪ್ರತಿಯೊಂದು ಚೂರೂ ತನ್ನಷ್ಟು ಜಾಗದಲ್ಲಿ ಮೈಗೆ ಹೊಂದಿಕೊಳ್ಳುತ್ತದೆ. ಜೊತೆಗೆ ರಸಾಯನಶಾಸ್ತ್ರವೂ ಇದೆ. ಪಿಂಗಾಣಿಯ ಹೊಳಪಿನಲ್ಲಿರುವ ನೀಲಿ ಕೋಬಾಲ್ಟಿನದು, ಹಸಿರು ತಾಮ್ರದ್ದು, ಕಂದು ಕಬ್ಬಿಣದ್ದು. ಭಾರಿ ಶಾಖದಲ್ಲಿ ಗಾಜಿನೊಡನೆ ಕರಗಿ ಒಂದಾದ ಈ ಬಣ್ಣಗಳು ಬಿಸಿಲಿಗೆ ಮಾಸುವುದಿಲ್ಲ. ಚೂರಿನ ಹಿಂಬದಿ ಒರಟಾಗಿದ್ದಷ್ಟೂ ಗಾರೆಯನ್ನು ಕಚ್ಚಿ ಹಿಡಿಯುತ್ತದೆ. ಬಿಳಿಯ ಚೂರು ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದಲೇ ಅಹಮದಾಬಾದಿನಲ್ಲಿ ಬಿ.ವಿ. ದೋಶಿಯವರು ತಮ್ಮ ‘ಸಂಗಾತ್’ ಕಚೇರಿಯ ಕಮಾನು ಮಾಡುಗಳಿಗೆಲ್ಲ ಒಡೆದ ಪಿಂಗಾಣಿ ಹೊದಿಸಿದರು. ನಮ್ಮ ಕಡೆ ‘ಚೈನಾ ಮೊಸಾಯಿಕ್’ ಎಂದು ತಾರಸಿಗೆ ಹಾಕಿಸುವುದೂ ಇದನ್ನೇ.

ಇಷ್ಟು ಪೀಠಿಕೆಯ ನಂತರ ಚಂಡೀಗಢಕ್ಕೆ ಬರುತ್ತೇನೆ.

ರಾಕ್ ಗಾರ್ಡನ್ನನ್ನು ಮಾಡಿದ ನೇಕ್ ಚಂದ್ ಸೈನಿ ಹುಟ್ಟಿದ್ದು 1924ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿರುವ ಶಕರ್‌ಗಢದ ಕಡೆಯ ಹಳ್ಳಿಯಲ್ಲಿ. 1947ರ ವಿಭಜನೆಯಲ್ಲಿ ಮನೆಮಠ ಬಿಟ್ಟು ಬಂದವರು. ಮುಂದೆ ಚಂಡೀಗಢದ ನಿರ್ಮಾಣ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರರಾದರು. ಲ ಕಾರ್ಬೂಸಿಯೇ ಯೋಜಿಸಿದ ಆ ಹೊಸ ನಗರಕ್ಕಾಗಿ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳನ್ನು ತೆರವು ಮಾಡಲಾಯಿತು. ಆ ಹಳ್ಳಿಗಳ ಒಡೆದ ಮಡಕೆ ಕುಡಿಕೆ, ಕಟ್ಟಡದ ಕೆಲಸದಲ್ಲಿ ಉಳಿದ ಚೂರುಪಾರು, ಶಿವಾಲಿಕ್ ಬೆಟ್ಟದ ಬುಡದ ಹೊಳೆಗಳಲ್ಲಿ ಸಿಕ್ಕ ವಿಚಿತ್ರ ಆಕಾರದ ಕಲ್ಲುಗಳು: ಇವನ್ನು 1950ರ ದಶಕದ ಕೊನೆಯಿಂದ ಅವರು ಸೈಕಲ್ಲಿನ ಮೇಲೆ ಹೇರಿಕೊಂಡು ಬಂದು, ಸುಖನಾ ಸರೋವರದ ಹತ್ತಿರದ ಕಾಡಿನೊಳಗೆ ಕೂಡಿಡತೊಡಗಿದರು. ಅದು ಸರ್ಕಾರಿ ಜಮೀನು, ಯಾವ ಕಟ್ಟಡವೂ ಏಳಕೂಡದೆಂದು ಕಾದಿಟ್ಟ ಪ್ರದೇಶ. ಹಗಲು ನೌಕರಿ, ಸಂಜೆ ಮತ್ತು ರಾತ್ರಿ, ಹಳೆಯ ಟೈರುಗಳನ್ನು ಉರಿಸಿದ ಬೆಳಕಿನಲ್ಲಿ, ಈ ಕೆಲಸ. ಹೆಚ್ಚುಕಡಿಮೆ ಹದಿನೆಂಟು ವರ್ಷ ಹೀಗೇ ನಡೆಯಿತು. 1970ರ ದಶಕದ ನಡುವಿನಲ್ಲಿ ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಅಂಗಳಕ್ಕೆ ಅಂಗಳ ಸೇರಿ ಸುಮಾರು 12 ಎಕರೆಯಷ್ಟು ಬೆಳೆದು ನಿಂತಿತ್ತು.

ನಮ್ಮ ಕಚೇರಿಯಲ್ಲಿ ಡೆಡ್ ಸ್ಟಾಕ್ ರಿಜಿಸ್ಟರು ನನ್ನ ಸುಪರ್ದಿನಲ್ಲಿದೆ. ಕುರ್ಚಿಯ ಕಾಲು ಮುರಿದರೆ ‘ನಿರುಪಯುಕ್ತ’ ಎಂದು ಬರೆದು, ಸಮಿತಿಯ ಸಹಿ ಮಾಡಿಸಿ, ಹರಾಜಿಗೆ ಕಳಿಸುವುದು ನನ್ನ ಕೆಲಸ. ಆ ಕಲಮಿಗೆ ಒಮ್ಮೆ ಹೋದ ವಸ್ತು ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. ಆದುದರಿಂದ ಕೆಳದರ್ಜೆಯ ಸರ್ಕಾರಿ ನೌಕರರೊಬ್ಬರು, ಯಾರ ಮಂಜೂರಾತಿಯೂ ಇಲ್ಲದೆ, ಅದೇ ಕಲಮಿನ ಸಾಮಾನುಗಳಿಂದ ಒಂದು ನಾಡನ್ನೇ ಕಟ್ಟಿದರೆಂಬುದು ನನಗೆ ಬರಿಯ ಕಥೆಯಾಗಿ ಕೇಳಿಸಲಿಲ್ಲ, ಮೈ ಜುಮ್ಮೆಂದಿತು. ಆದರೆ ವಿಮರ್ಶೆ ಮೈ ಜುಮ್ಮೆನ್ನುವುದರಲ್ಲೇ ನಿಲ್ಲಬಾರದು. ಮಾಡಿದವರ ಕಷ್ಟವನ್ನು ಕೇಳಿ ಮಾಡಿದ್ದನ್ನು ಹೊಗಳುವುದು ನಮ್ಮಲ್ಲಿ ವಾಡಿಕೆ. ತೋಟವನ್ನು ತೋಟವಾಗಿ ನೋಡಬೇಕು.

ಒಳಗೆ ಹೋಗುವ ಬಾಗಿಲುಗಳು ತಗ್ಗಾಗಿವೆ. ಎತ್ತರದವರು ತಲೆ ಬಗ್ಗಿಸಲೇಬೇಕು. ಮೊದಲ ಭಾಗದಲ್ಲಿ ಹೊಳೆಯಿಂದ ತಂದ ಕಲ್ಲುಗಳೇ ಪ್ರಧಾನ. ನೀರು ಕೊರೆದ ಕಲ್ಲನ್ನು ನೇಕ್ ಚಂದ್ ಕೆತ್ತಲಿಲ್ಲ, ನಿಲ್ಲಿಸಿದರು ಅಷ್ಟೆ. ಯಾವ ಕಲ್ಲು ಕುಳಿತ ಮುದುಕನಂತಿದೆ, ಯಾವುದು ಹಕ್ಕಿಯಂತಿದೆ ಎಂದು ಕಂಡುಕೊಂಡದ್ದೇ ಇಲ್ಲಿನ ಕಲೆ. ಅವಸರದಲ್ಲಿ ಬಂದವರು ಈ ಭಾಗವನ್ನು ದಾಟಿಬಿಡುತ್ತಾರೆ. ಆದರೆ ಮುಂದಿನದೆಲ್ಲಕ್ಕೂ ಓನಾಮ ಇಲ್ಲಿಯೇ ಇದೆಯೆಂದು ನನ್ನ ಭಾವನೆ. ಸಿಕ್ಕಿದ್ದರ ಆಕಾರಕ್ಕೆ ಮರ್ಯಾದೆ ಕೊಡುವುದನ್ನು ಅವರು ಕಲಿತದ್ದು ಈ ಕಲ್ಲುಗಳಿಂದ.

ಎರಡನೆಯ ಭಾಗದಲ್ಲಿ ತೋಟದ ಜೀವ ಇದೆ. ಮೆಟ್ಟಿಲು ಮೆಟ್ಟಿಲಾದ ದಿಣ್ಣೆಗಳ ಮೇಲೆ ಸಾಲು ಸಾಲಾಗಿ ಮನುಷ್ಯರು, ಕೋತಿಗಳು, ಹಕ್ಕಿಗಳು. ಹಳೆಯ ಸೈಕಲ್ಲಿನ ಕಬ್ಬಿಣದಂಥ ಸಾಮಾನು ಒಳಗಿನ ಮೂಳೆ, ಅದರ ಮೇಲೆ ಸಿಮೆಂಟು, ಮೇಲ್ಮೈಗೆ ಚೂರುಗಳ ಚರ್ಮ. ಹೆಂಗಸರ ಉಡುಪೆಲ್ಲ ಒಡೆದ ಬಳೆ. ಬಳೆಗಾಜಿಗೆ ರಂಧ್ರಗಳಿಲ್ಲ, ಗಾರೆ ಅದನ್ನು ಹೀರಿ ಹಿಡಿಯಲಾರದು. ಆದ್ದರಿಂದ ಗಾರೆ ಹಸಿಯಿರುವಾಗಲೇ ಚೂರುಗಳನ್ನು ಅದರೊಳಗೆ ಒತ್ತಬೇಕು. ಹಾಗೆ ಒತ್ತಿದ ಸಾವಿರಾರು ಚೂರುಗಳು ಸಂಜೆಯ ಓರೆ ಬಿಸಿಲಿಗೆ ಸೀರೆಯ ಜರಿಯಂತೆ ಮಿಂಚುವುದನ್ನು ನೋಡಿಯೇ ತಿಳಿಯಬೇಕು. ಪಿಂಗಾಣಿಯ ವಿದ್ಯುತ್ ಸಾಕೆಟ್ಟುಗಳನ್ನು ಒಂದರ ಪಕ್ಕಕ್ಕೊಂದು ಕೂರಿಸಿದ ಗೋಡೆ ಇನ್ನೊಂದು ಕಡೆ. ಹತ್ತಿರ ಹೋದರೆ ಅದು ಸಾಕೆಟ್ಟೇ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ನೇಯ್ದ ಚಾಪೆ. ವಸ್ತು ತಾನು ಏನಾಗಿತ್ತೆಂಬುದನ್ನು ಮರೆಮಾಚದೆ ಇನ್ನೊಂದಾಗುತ್ತದೆ. ಈ ಎರಡೂ ಏಕಕಾಲಕ್ಕೆ ಕಾಣುವಂತೆ ಮಾಡುವುದೇ ಒಡಕು ಮೊಸಾಯಿಕ್‌ನ ನಿಜವಾದ ಸಾಧನೆ. ರವೆನ್ನಾದ ಚಕ್ರವರ್ತಿಗೂ ಈ ಭಾಗ್ಯವಿಲ್ಲ, ಅವನ ಚೂರುಗಳಿಗೆ ಪೂರ್ವಾಶ್ರಮವೇ ಇಲ್ಲ.

ದೋಷಗಳನ್ನೂ ಹೇಳಬೇಕು. ಮುಖಗಳಲ್ಲಿ ವೈವಿಧ್ಯ ಕಡಿಮೆ. ನೂರು ಹೆಂಗಸರನ್ನು ನೋಡಿದ ಮೇಲೆ ನೂರಾ ಒಂದನೆಯವಳು ಹೊಸತೇನನ್ನೂ ಹೇಳುವುದಿಲ್ಲ. ಉಡುಪಿಗೆ ಕೊಟ್ಟ ಗಮನವನ್ನು ಮುಖಕ್ಕೆ ಕೊಟ್ಟಂತಿಲ್ಲ. ಇದು ಸಂತೆಯ ಗುಂಪು, ಗುಂಪಿನಲ್ಲಿ ಹಾಗೆಯೇ ಎಂದು ಸಮರ್ಥಿಸಬಹುದು. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮೂರನೆಯ ಭಾಗ ಇನ್ನೂ ಸಡಿಲ. ದೊಡ್ಡ ಕಮಾನುಗಳು, ಅವುಗಳಲ್ಲಿ ತೂಗುವ ಉಯ್ಯಾಲೆಗಳು, ಜಲಪಾತಗಳು. ಮಕ್ಕಳಿಗೆ ಅಲ್ಲಿ ಹಬ್ಬ, ನಿಜ. ಆದರೆ ಅದರ ಹೊತ್ತಿಗೆ ಸರ್ಕಾರ ಐವತ್ತು ಮಂದಿ ಕೂಲಿಯವರನ್ನೂ ಸಂಬಳವನ್ನೂ ಕೊಟ್ಟಿತ್ತು, ನಗರದಲ್ಲಿ ಹಳೆಯ ಸಾಮಾನು ಕೂಡಿಸುವ ಕೇಂದ್ರಗಳೂ ಆಗಿದ್ದವು. ಕೊರತೆಯಿದ್ದಾಗ ಪ್ರತಿ ಚೂರಿಗೂ ಜಾಗ ಯೋಚಿಸಬೇಕಿತ್ತು. ಯಥೇಚ್ಛ ಬಂದಾಗ ಚೂರು ಹೊದಿಕೆಯಾಯಿತು. ಎರಡನೆಯ ಭಾಗದ ಒಂದು ದಿಣ್ಣೆಯಲ್ಲಿರುವ ಬಿಗಿ ಮೂರನೆಯದರ ಇಡೀ ಅಂಗಳದಲ್ಲಿ ನನಗೆ ಕಾಣಲಿಲ್ಲ.

ಹೀಗೆ ಮಾಡಿದವರು ಅವರೊಬ್ಬರೇ ಅಲ್ಲ. ಫ್ರಾನ್ಸಿನ ಶಾರ್ತ್ರ ಪಟ್ಟಣದಲ್ಲಿ ಸ್ಮಶಾನದ ಕೆಲಸದಲ್ಲಿದ್ದ ರೇಮೋ ಇಸಿದೋರ್ ಎಂಬಾತ 1938ರಿಂದ ತನ್ನ ಪುಟ್ಟ ಮನೆಯ ಗೋಡೆ, ನೆಲ, ಮಂಚ, ಒಲೆ, ಹೊಲಿಗೆಯಂತ್ರಗಳಿಗೆಲ್ಲ ಒಡೆದ ತಟ್ಟೆಗಳ ಮೊಸಾಯಿಕ್ ಹೊದಿಸಿದ. ಲಾಸ್ ಏಂಜಲಿಸ್‌ನ ವಾಟ್ಸ್ ಬಡಾವಣೆಯಲ್ಲಿ ಇಟಲಿಯಿಂದ ವಲಸೆ ಬಂದ ಕೂಲಿ ಸೈಮನ್ ರೋಡಿಯಾ 1921ರಿಂದ 1954ರವರೆಗೆ ಒಬ್ಬನೇ ಗೋಪುರಗಳನ್ನು ಕಟ್ಟಿದ. ಕಬ್ಬಿಣದ ಸರಳು, ಗಾರೆ, ಮೇಲೆ ಕಪ್ಪೆಚಿಪ್ಪು, ಬಾಟಲಿಯ ಗಾಜು, ಪಿಂಗಾಣಿ. ಅತ್ಯಂತ ಎತ್ತರದ್ದು ಸುಮಾರು ನೂರು ಅಡಿ. ಅಪಾಯಕಾರಿಯೆಂದು ನಗರಸಭೆ ಕೆಡವಲು ಹೊರಟಾಗ 1959ರಲ್ಲಿ ಹತ್ತು ಸಾವಿರ ಪೌಂಡುಗಳ ಬಲ ಹಾಕಿ ಎಳೆದು ಪರೀಕ್ಷಿಸಿದರು, ಗೋಪುರ ಜಗ್ಗಲಿಲ್ಲ. ಮೂವರೂ ಹೊಟ್ಟೆಪಾಡಿನ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಕಟ್ಟಿದವರು. ಮೂವರೂ ಕಾಲಬುಡದಲ್ಲಿ ಬಿದ್ದದ್ದನ್ನು ಆಯ್ದವರು.

ಊರಿಗೆ ಮರಳಿದ ಮೇಲೆ, ನನ್ನೊಡನೆ ತೀರ್ಪುಗಾರರಾಗಿದ್ದ ಹಿರಿಯರೊಬ್ಬರ ಮುಂದೆ ಇದನ್ನೆಲ್ಲ ಹೇಳಿದೆ. ಅವರು ನಕ್ಕು, “ಕಣ್ಣು ಚರಿತ್ರೆ ಕೇಳುವುದಿಲ್ಲ ಮಾರಾಯರೇ. ಬಳೆ ತಾನಾಗಿ ಒಡೆಯಿತೋ, ಕುಟ್ಟಿ ಒಡೆದರೋ, ನೋಡುವವನಿಗೇನು? ನವಿಲು ಚೆನ್ನಾಗಿತ್ತು, ಬಹುಮಾನ ಕೊಟ್ಟೆವು” ಎಂದರು. ಈ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಗೌದಿಯವರ ಕೆಲಸಗಾರರೂ ಬಿಲ್ಲೆಗಳನ್ನು ಒಡೆದವರೇ ತಾನೆ?

ನನಗೆ ಉತ್ತರ ಹೊಳೆದದ್ದು ಕೌದಿಯಿಂದ. ನಾನು ಧಾರವಾಡದ ಕಡೆಯವನು. ನಮ್ಮ ಅಜ್ಜಿ ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು. ಒಮ್ಮೆ ಅಪ್ಪ ಪೇಟೆಯಿಂದ ಬಣ್ಣಬಣ್ಣದ ಹೊಸ ತುಂಡುಗಳನ್ನು ತಂದುಕೊಟ್ಟಾಗ ಆಕೆ ಮುಟ್ಟಿ ನೋಡಿ ಬದಿಗಿಟ್ಟಳು. “ಹೊಸಾ ಅರಿವಿ ಮೈಗೆ ಚುಚ್ಚತದಪ್ಪಾ, ಉಟ್ಟ ಸೀರೀನs ಮೆತ್ತಗಿರೂದು” ಎಂದಳು. ಅದು ಭಾವುಕತೆಯ ಮಾತಲ್ಲ, ಕಸುಬಿನ ಮಾತು. ಇಪ್ಪತ್ತು ವರ್ಷ ಒಗೆದ ನೂಲಿಗೆ ಬಂದಿರುವ ಮೆದುತನ ಅಂಗಡಿಯಲ್ಲಿ ಸಿಗುವುದಿಲ್ಲ. ಬಟ್ಟೆಯ ಚರಿತ್ರೆಯನ್ನು ಕಣ್ಣು ಕೇಳದಿರಬಹುದು. ಹೊದ್ದವನ ಮೈಗೆ ಅದು ಗೊತ್ತಾಗುತ್ತದೆ.

ಚೂರಿಗೂ ಇದೇ ಮಾತು ಸಲ್ಲುತ್ತದೆ. ಕುಟ್ಟಿದ ಬಳೆಗಳೆಲ್ಲ ಒಂದೇ ವಯಸ್ಸು, ಒಂದೇ ದಪ್ಪ, ಒಂದೇ ಛಾಯೆ. ಅಲ್ಲಿ ಹುಡುಗ ಯಾವ ಚೂರಿನೊಡನೆಯೂ ವಾದ ಮಾಡಬೇಕಾಗಲಿಲ್ಲ. ಕಾಗದದ ಮೇಲೆ ಬರೆದ ನವಿಲಿಗೆ ಬಣ್ಣ ತುಂಬುವ ಬದಲು ಗಾಜು ತುಂಬಿದ. ಗೌದಿಯವರು ಒಡೆದದ್ದಕ್ಕೆ ಬಾಗಿದ ಮೈ ಎಂಬ ಕಾರಣವಿತ್ತು. ಇಲ್ಲಿ ಚಪ್ಪಟೆ ಹಲಗೆಯ ಮೇಲೆ ಒಡೆಯಲು ಕಾರಣವೇ ಇರಲಿಲ್ಲ. ಬಸ್ಸು ಮಾಡಿದ ಹುಡುಗಿಯ ಕೈಗೆ ಬಂದದ್ದು ಹಿಡಿ ಮುರಿದ ಒಂದು ಕಪ್ಪು. ಆ ಹಿಡಿಯನ್ನು ಏನು ಮಾಡುವುದೆಂದು ಅವಳು ಯೋಚಿಸಬೇಕಾಯಿತು, ಮತ್ತು ಅದರೊಳಗೆ ಕಿವಿಯನ್ನು ಕಂಡಳು. ಹೊಳೆಯ ಕಲ್ಲಿನಲ್ಲಿ ಮುದುಕನನ್ನು ಕಂಡದ್ದಕ್ಕೂ ಇದಕ್ಕೂ ಜಾತಿ ಒಂದೇ, ಪ್ರಮಾಣ ಮಾತ್ರ ಬೇರೆ. ಹಿರಿಯರಿಗೆ ನಾನು ಕೊಟ್ಟ ಉತ್ತರವೂ ಇದೇ: ಚೂರಿನ ಚರಿತ್ರೆ ಕಣ್ಣಿಗೆ ಕಾಣದಿರಬಹುದು, ಆದರೆ ಮಾಡಿದವರು ಚೂರಿನ ಮಾತು ಕೇಳಿದ್ದಾರೆಯೇ ಇಲ್ಲವೇ ಎಂಬುದು ಕಣ್ಣಿಗೆ ಕಂಡೇ ಕಾಣುತ್ತದೆ. ಅವರು ಪೂರ್ತಿ ಒಪ್ಪಲಿಲ್ಲ. “ಹಾಗಾದರೆ ಸ್ವಚ್ಛತೆಗೆ ಬೆಲೆ ಇಲ್ಲವೇ?” ಎಂದರು.

‘ಕಸದಿಂದ ರಸ’ ಎಂಬ ಹೆಸರಿನಲ್ಲೇ ಈ ತೊಡಕಿದೆ. ಆ ಮಾತು ಕಸವನ್ನು ನಿವಾರಿಸುವ ಮಾತು, ನೈರ್ಮಲ್ಯ ಇಲಾಖೆಯ ಮಾತು. ನೇಕ್ ಚಂದ್ ಕಸ ನಿವಾರಿಸಲು ಹೊರಟವರಲ್ಲ. ತೆರವಾದ ಹಳ್ಳಿಗಳ ಮಡಕೆಯನ್ನು ಆಯ್ದವರು ಸ್ವತಃ ಹಳ್ಳಿ ಕಳೆದುಕೊಂಡವರೆಂಬುದನ್ನು ನೆನೆದರೆ, ಅವರ ದೃಷ್ಟಿಯಲ್ಲಿ ಅದು ಕಸವೇ ಆಗಿರಲಿಲ್ಲ ಎನಿಸುತ್ತದೆ.

ತೋಟದ ಮುಂದಿನ ಕಥೆಯಲ್ಲಿ ಸರ್ಕಾರದ ಎರಡೂ ಮುಖಗಳಿವೆ. ಅತಿಕ್ರಮಣವೆಂದು ನೆಲಸಮ ಮಾಡಬಹುದಾಗಿದ್ದುದನ್ನು ಮಾಡದೆ, 1976ರಲ್ಲಿ ಸಾರ್ವಜನಿಕರಿಗೆ ತೆರೆದರು. ಅತಿಕ್ರಮಿಸಿದ ನೌಕರನಿಗೇ ಸಬ್ ಡಿವಿಜನಲ್ ಎಂಜಿನಿಯರ್ ಎಂಬ ಹುದ್ದೆ ಕೊಟ್ಟು ಅಲ್ಲಿಯೇ ನಿಯಮಿಸಿದರು. ಯಾವ ನಿಯಮದಡಿ ಆ ಕಡತ ಮಂಜೂರಾಯಿತೋ, ಒಮ್ಮೆ ನೋಡುವ ಆಸೆ ನನಗಿದೆ. ತೋಟದ ಆ ಮೊದಲ ವರ್ಷಗಳಲ್ಲಿ, 1976ರಿಂದ 1978ರವರೆಗೆ, ಚಂಡೀಗಢದ ಮುಖ್ಯ ಆಯುಕ್ತರಾಗಿದ್ದವರು ಟಿ.ಎನ್. ಚತುರ್ವೇದಿ, 2002ರಿಂದ 2007ರವರೆಗೆ ನಮ್ಮ ಕರ್ನಾಟಕದ ರಾಜ್ಯಪಾಲರಾಗಿದ್ದವರು ಅವರೇ. 1984ರಲ್ಲಿ ನೇಕ್ ಚಂದ್‌ರಿಗೆ ಪದ್ಮಶ್ರೀ ಬಂತು. ಆದರೆ 1990ರ ಹೊತ್ತಿಗೆ ತೋಟದ ಒಂದು ಭಾಗಕ್ಕೆ ಬುಲ್ಡೋಜರುಗಳು ಬಂದಾಗ ಊರಿನ ಜನ ಕೈಕೈ ಹಿಡಿದು ಸಾಲಾಗಿ ಅಡ್ಡ ನಿಲ್ಲಬೇಕಾಯಿತು. 1996ರಲ್ಲಿ ಅವರು ಪರದೇಶಕ್ಕೆ ಹೋಗಿದ್ದಾಗ ಕೆಲಸಗಾರರನ್ನು ಹಿಂತೆಗೆದುಕೊಳ್ಳಲಾಯಿತು, ಕಿಡಿಗೇಡಿಗಳು ಪ್ರತಿಮೆಗಳನ್ನು ಒಡೆದರು. 2015ರ ಜೂನ್ 12ರಂದು ಅವರು ತೀರಿಕೊಂಡರು. 2025ರ ಆರಂಭದಲ್ಲಿ ಹೈಕೋರ್ಟಿನ ಕಡೆಯ ರಸ್ತೆ ಅಗಲ ಮಾಡಲೆಂದು ತೋಟದ ಗೋಡೆಯ ಒಂದು ಭಾಗವನ್ನು, ಜನರ ವಿರೋಧದ ನಡುವೆಯೇ, ಕೆಡವಲಾಯಿತು. ಒಡೆದದ್ದನ್ನು ಕೂಡಿಸಿ ಕಟ್ಟಿದ್ದು ಮತ್ತೆ ಒಡೆಯಿತು. ಈ ಬಾರಿ ಆಯಲು ಆ ರಸ್ತೆ ಇನ್‌ಸ್ಪೆಕ್ಟರರಿಲ್ಲ.

ನಮ್ಮ ಸಂಘದ ಮಟ್ಟಿಗೆ ಹೇಳುವುದಾದರೆ, ಅಂಕಪಟ್ಟಿಯಿಂದ ‘ಸ್ವಚ್ಛತೆ’ಯನ್ನು ತೆಗೆದು ‘ವಸ್ತುವಿನ ಬಳಕೆ’ ಎಂಬ ಕಲಮು ಸೇರಿಸಬೇಕೆಂದೂ, ಪೇಟೆಯಿಂದ ಕೊಂಡು ಒಡೆದ ಸಾಮಾನನ್ನು ಸ್ಪರ್ಧೆಗೆ ಸ್ವೀಕರಿಸಬಾರದೆಂದೂ ಕಾರ್ಯಕಾರಿ ಸಮಿತಿಗೆ ಒಂದು ಟಿಪ್ಪಣಿ ಸಲ್ಲಿಸಿದ್ದೇನೆ. ನವಿಲು ಮಾಡಿದ ಹುಡುಗನ ಶ್ರಮಕ್ಕೆ ನನ್ನ ಗೌರವವಿದೆ. ತಪ್ಪು ಅವನದಲ್ಲ, ಅಂಕ ಹಾಕಿದವನದು.

ಬಸ್ಸು ಮಾಡಿದ ಹುಡುಗಿಯ ಮನೆ ನಮ್ಮ ಕ್ವಾರ್ಟರ್ಸಿನಿಂದ ಮೂರು ಸ್ಟಾಪು ಆಚೆ. ಬರುವ ಭಾನುವಾರ ಹೋಗಿ ಆ ಕಂಡಕ್ಟರನನ್ನು ಇನ್ನೊಮ್ಮೆ ನೋಡಿ ಬರಬೇಕೆಂದಿದ್ದೇನೆ. ಮೊನ್ನೆ ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಜಾಡಿ ಒಡೆಯಿತು. ಚೂರುಗಳನ್ನು ಎಸೆಯಬೇಡವೆಂದು ಮನೆಯವಳಿಗೆ ಹೇಳಿ, ತೊಳೆದು ಒಂದು ಡಬ್ಬಿಯಲ್ಲಿಟ್ಟಿದ್ದೇನೆ.